ಹೆಸರುಹಲಗೆ ಹಲವು, ಎಂಜಿನು ಒಂದೇ

ಅಂಗಡಿಯ ಹೆಸರುಹಲಗೆಯನ್ನು ಬದಲಾಯಿಸಿದ ಮಾತ್ರಕ್ಕೆ ಒಳಗಿನ ಸರಕು ಬದಲಾಗುವುದಿಲ್ಲವೆಂಬುದನ್ನು ನಮ್ಮ ವಾಚಕರಿಗೆ ಹೇಳಿಕೊಡಬೇಕಾದುದಿಲ್ಲ. ಆದರೂ ಈ ಸಣ್ಣ ಸತ್ಯವು, ಹಗಲಿರುಳೂ ನಮ್ಮ ಕೈಯಲ್ಲಿರುವ ಒಂದು ಯಂತ್ರದ ವಿಷಯದಲ್ಲಿ, ಬಹುಜನರ ಗಮನಕ್ಕೆ ಬಾರದೆ ಹೋಗಿದೆ. ಐಫೋನೆಂಬ ಮೊಬೈಲು ಫೋನನ್ನು ಉಪಯೋಗಿಸುವ ಮಹನೀಯರಲ್ಲಿ ಕೆಲವರು ಅಂತರ್ಜಾಲವನ್ನು ನೋಡಲು ಸಫಾರಿಯನ್ನೂ, ಕೆಲವರು ಕ್ರೋಮನ್ನೂ, ಮತ್ತೆ ಕೆಲವರು ಫೈರ್‌ಫಾಕ್ಸನ್ನೂ ಇಟ್ಟುಕೊಂಡು, ತಮಗೆ ಒಪ್ಪಿದುದನ್ನು ತಾವೇ ಆರಿಸಿಕೊಂಡಿರುವೆವೆಂದು ನಂಬಿರುವರು. ನಮ್ಮ ದೇಶದಲ್ಲಿ ಮಾರಾಟವಾಗುವ ಐಫೋನುಗಳ ಮಟ್ಟಿಗೆ ಹೇಳುವುದಾದರೆ, ಆ ಆಯ್ಕೆಯು ಹಲಗೆಯ ಆಯ್ಕೆಯೇ ಹೊರತು ಸರಕಿನ ಆಯ್ಕೆಯಲ್ಲ. ಆ ಬ್ರೌಸರುಗಳೆಲ್ಲವುಗಳ ಒಳಗೆ ದುಡಿಯುತ್ತಿರುವುದು ಆಪಲ್ ಕಂಪೆನಿಯ ವೆಬ್‌ಕಿಟ್ ಎಂಬ ಒಂದೇ ಎಂಜಿನು. ಅನ್ಯ ಎಂಜಿನಿಗೆ ಅಲ್ಲಿ ಪ್ರವೇಶವಿಲ್ಲ.

ಈ ಎಂಜಿನೆಂದರೇನೆಂಬುದನ್ನು ಮೊದಲು ಸ್ಪಷ್ಟಪಡಿಸಿಕೊಳ್ಳುವುದು ಒಳ್ಳೆಯದು. ಬ್ರೌಸರಿಗೆ ಎರಡು ಭಾಗಗಳುಂಟು. ಕಣ್ಣಿಗೆ ಕಾಣುವ ಹೊರಭಾಗವು ವಿಳಾಸ ಬರೆಯುವ ಪಟ್ಟಿ, ಗುಂಡಿಗಳು, ಗುರುತಿಟ್ಟ ಪುಟಗಳ ಯಾದಿ ಮುಂತಾದುದು. ಕಾಣದ ಒಳಭಾಗವು ಎಂಜಿನು. ಜಾಲತಾಣದಿಂದ ಬಂದ ಸಂಕೇತಗಳನ್ನು ಓದಿ, ಅಕ್ಷರಗಳನ್ನು ಜೋಡಿಸಿ, ಚಿತ್ರಗಳನ್ನು ಅವುಗಳ ಸ್ಥಾನದಲ್ಲಿ ಕೂರಿಸಿ, ಪುಟದೊಳಗೆ ಅಡಗಿರುವ ಜಾವಾಸ್ಕ್ರಿಪ್ಟಿನ ಆಜ್ಞೆಗಳನ್ನು ನಡೆಯಿಸಿ, ಒಂದು ಜಾಲತಾಣದ ಗುಟ್ಟು ಇನ್ನೊಂದಕ್ಕೆ ತಿಳಿಯದಂತೆ ಕಾಯುವುದೂ ಅದರದೇ ಕೆಲಸ. ನಮ್ಮ ಕಸುಬಿನ ಮಾತಿನಲ್ಲಿ ಹೇಳಬೇಕಾದರೆ, ಹೊರಭಾಗವು ಪತ್ರಿಕೆಯ ಶಿರೋನಾಮೆ. ಎಂಜಿನು ಅಚ್ಚಿನ ಯಂತ್ರವೂ ಮೊಳೆ ಜೋಡಿಸುವವನೂ ಕೂಡಿದಂತೆ. ಒಂದು ಪಟ್ಟಣದಲ್ಲಿ ಹತ್ತು ಪತ್ರಿಕೆಗಳು ಹೊರಡಲಿ, ಆದರೆ ಎಲ್ಲವೂ ಪಟ್ಟಣದೊಡೆಯನ ಅಚ್ಚುಕೂಟದಲ್ಲಿಯೇ, ಅವನ ಮೊಳೆಗಳಿಂದಲೇ, ಅವನು ಇಟ್ಟ ವೇಳೆಗೇ ಅಚ್ಚಾಗತಕ್ಕದ್ದು ಎಂದು ಆಜ್ಞೆಯಾದರೆ, ಆ ಪತ್ರಿಕೆಗಳ ಸ್ವಾತಂತ್ರ್ಯವೆಷ್ಟೆಂಬುದನ್ನು ವಾಚಕರೇ ಊಹಿಸಿಕೊಳ್ಳಬಹುದು.

ಲೋಕದಲ್ಲಿ ಈಗ ಹೆಸರಿಸತಕ್ಕ ಎಂಜಿನುಗಳು ಮೂರೇ ಉಳಿದಿವೆ: ಗೂಗಲಿನ ಬ್ಲಿಂಕ್, ಆಪಲಿನ ವೆಬ್‌ಕಿಟ್, ಮೊಜಿಲ್ಲಾ ಸಂಸ್ಥೆಯ ಗೆಕೋ. ಒಪೆರಾ ಕಂಪೆನಿಯು ತನ್ನ ಸ್ವಂತ ಎಂಜಿನನ್ನು 2013ರಲ್ಲಿ ಕೈಬಿಟ್ಟಿತು. ಮೈಕ್ರೋಸಾಫ್ಟು ತನ್ನದನ್ನು ಬಿಟ್ಟು ಗೂಗಲಿನ ಎಂಜಿನನ್ನು ಅವಲಂಬಿಸುವುದಾಗಿ 2018ರಲ್ಲಿ ಸಾರಿತು. ವೆಬ್‌ಕಿಟ್ಟಾದರೂ ಆಪಲ್ ಕಂಪೆನಿಯು ಶೂನ್ಯದಿಂದ ಸೃಷ್ಟಿಸಿದ್ದಲ್ಲ. ಕೆಡಿಇ ಎಂಬ ಬಳಗದವರು ಕಟ್ಟಿ ಲೋಕಕ್ಕೆ ಮುಕ್ತವಾಗಿ ಬಿಟ್ಟುಕೊಟ್ಟಿದ್ದ ಕೆಎಚ್‌ಟಿಎಂಎಲ್ ಎಂಬ ಎಂಜಿನಿನ ಅಡಿಪಾಯದ ಮೇಲೆ ಅದನ್ನು ಎಬ್ಬಿಸಿ, 2003ರಲ್ಲಿ ಸಫಾರಿಯೆಂಬ ಹೆಸರಿನಿಂದ ಆಪಲ್ ಹೊರತಂದಿತು. ಗೂಗಲಿನ ಬ್ಲಿಂಕ್ ಕೂಡ 2013ರಲ್ಲಿ ವೆಬ್‌ಕಿಟ್ಟಿನಿಂದಲೇ ಕವಲೊಡೆಯಿತು. ಊರವರೆಲ್ಲ ಕೂಡಿ ತೋಡಿದ ಕೆರೆಯ ನೀರಿನಿಂದ ಬೆಳೆದ ತೋಟಕ್ಕೆ ಊರವರೇ ಕಾಲಿಡಬಾರದೆಂದು ಬೇಲಿ ಹಾಕಿದಂತಾಗಿದೆ ಈಗಿನ ಸ್ಥಿತಿ.

ಈ ಬೇಲಿಯು ಎಂದು ಹುಟ್ಟಿತೆಂಬುದೂ ತಿಳಿಯತಕ್ಕ ವಿಷಯವೇ. 2007ರಲ್ಲಿ ಐಫೋನು ಹೊರಬಂದಾಗ ಅನ್ಯರ ಕಾರ್ಯಕ್ರಮಗಳಿಗೆ ಅದರಲ್ಲಿ ಅಂಗಡಿಯೇ ಇರಲಿಲ್ಲ. ಹೊರಗಿನವರು ತಮ್ಮ ಉಪಕರಣಗಳನ್ನು ಜಾಲತಾಣಗಳ ರೂಪದಲ್ಲಿ ರಚಿಸಿ ಸಫಾರಿಯ ಮೂಲಕ ಕೊಡಲೆಂದು ಆಪಲಿನ ಮುಖ್ಯಸ್ಥರಾಗಿದ್ದ ಸ್ಟೀವ್ ಜಾಬ್ಸ್‌ರು ಆ ವರ್ಷದ ಜೂನ್ ತಿಂಗಳಲ್ಲಿ ಸಭೆಯಲ್ಲಿ ಹೇಳಿದರು. ಮರುವರ್ಷವೇ, 2008ರ ಜುಲೈಯಲ್ಲಿ, ಆಪ್ ಸ್ಟೋರೆಂಬ ಅಂಗಡಿ ತೆರೆಯಿತು. ಅಲ್ಲಿ ಮಾರಾಟವಾದುದರಲ್ಲಿ ನೂರಕ್ಕೆ ಮೂವತ್ತು ಪಾಲು ಕಂಪೆನಿಗೆ ಸಲ್ಲತೊಡಗಿತು. 2010ರಲ್ಲಿ ಆ ಅಂಗಡಿಯ ಪರಿಶೀಲನಾ ನಿಯಮಗಳು ಮೊದಲ ಬಾರಿಗೆ ಪ್ರಕಟವಾದಾಗ, ಅಂತರ್ಜಾಲವನ್ನು ತೋರಿಸುವ ಯಾವ ಕಾರ್ಯಕ್ರಮವಾದರೂ ವೆಬ್‌ಕಿಟ್ಟನ್ನೇ ಬಳಸತಕ್ಕದ್ದೆಂಬ ವಿಧಿಯು ಅವುಗಳಲ್ಲಿ ಸೇರಿತ್ತು. ಈ ಕಾರಣದಿಂದಲೇ ಮೊಜಿಲ್ಲಾದವರು ಬಹುಕಾಲ ಐಫೋನಿನಿಂದ ದೂರವಿದ್ದು, ಕೊನೆಗೆ 2015ರಲ್ಲಿ ತಮ್ಮ ಗೆಕೋವನ್ನು ಹೊರಗಿಟ್ಟು, ಫೈರ್‌ಫಾಕ್ಸ್ ಎಂಬ ಹಲಗೆಯನ್ನು ಮಾತ್ರ ಒಳಗೆ ತಂದರು. ಗೂಗಲಿನ ಕ್ರೋಮು 2012ರಲ್ಲಿಯೇ ಇದೇ ರೀತಿಯಲ್ಲಿ ಬಂದಿತ್ತು.

ಇದರಿಂದ ಸಾಮಾನ್ಯನಿಗೆ ನಷ್ಟವೇನು ಎಂದು ಕೆಲವರು ಕೇಳಬಹುದು. ಪ್ರಶ್ನೆಯು ನ್ಯಾಯವಾದುದೇ. ಒಂದು ನಡೆದ ಸಂಗತಿಯಿಂದ ಉತ್ತರ ಹೇಳುವೆವು. 2022ರ ಜನವರಿಯಲ್ಲಿ ವೆಬ್‌ಕಿಟ್ಟಿನಲ್ಲಿದ್ದ ಒಂದು ದೋಷವು ಲೋಕಕ್ಕೆ ತಿಳಿಯಿತು. ಜಾಲತಾಣಗಳು ತಮ್ಮ ಲೆಕ್ಕಪತ್ರಗಳನ್ನು ಬ್ರೌಸರಿನೊಳಗೆ ಇಟ್ಟುಕೊಳ್ಳುವ ಉಗ್ರಾಣದ ಹೆಸರುಗಳು ಬೇರೆ ಜಾಲತಾಣಗಳಿಗೂ ಕಾಣುವಂತಾಗಿ, ಒಬ್ಬನು ಯಾವ ಯಾವ ತಾಣಗಳಿಗೆ ಹೋಗಿದ್ದನೆಂಬುದನ್ನೂ, ಕೆಲವು ವೇಳೆ ಅವನ ಗುರುತನ್ನೂ ಅನ್ಯರು ತಿಳಿದುಕೊಳ್ಳಬಹುದಾಗಿತ್ತು. ಆಪಲಿನದೇ ಆದ ಮ್ಯಾಕ್ ಗಣಕಯಂತ್ರವನ್ನು ಇಟ್ಟುಕೊಂಡವರು ಆ ದೋಷವು ಸರಿಹೋಗುವ ತನಕ ಸಫಾರಿಯನ್ನು ಬದಿಗಿಟ್ಟು ಬೇರೊಂದು ಬ್ರೌಸರನ್ನು ಬಳಸಿ ಪಾರಾಗಬಹುದಾಗಿತ್ತು. ಏಕೆಂದರೆ ಮ್ಯಾಕ್ ಯಂತ್ರದಲ್ಲಿ ಅನ್ಯ ಎಂಜಿನುಗಳಿಗೆ ತಡೆಯಿಲ್ಲ. ಐಫೋನಿನವರಿಗೆ ಆ ದಾರಿಯೂ ಇರಲಿಲ್ಲ. ಯಾವ ಹಲಗೆಯ ಕೆಳಗೆ ಹೋದರೂ ಅದೇ ಎಂಜಿನು, ಅದೇ ದೋಷ. ಆ ತಿಂಗಳ ಕೊನೆಯ ವಾರದಲ್ಲಿ ಕಂಪೆನಿಯು ತಿದ್ದುಪಡಿಯನ್ನು ಹೊರಡಿಸುವವರೆಗೆ ಕಾಯುವುದೊಂದೇ ಅವರ ಪಾಲಿಗೆ ಉಳಿದದ್ದು.

ಎರಡನೆಯ ನಷ್ಟವು ಇಷ್ಟು ಎದ್ದು ಕಾಣುವುದಿಲ್ಲ, ಆದರೆ ಹೆಚ್ಚು ದೀರ್ಘವಾದುದು. ಜಾಲತಾಣವೊಂದು ತನ್ನ ಗಿರಾಕಿಗೆ ತಾನಾಗಿ ಸೂಚನೆ ಕಳುಹಿಸುವ ಅನುಕೂಲವು ಆಂಡ್ರಾಯ್ಡ್ ಫೋನಿನ ಕ್ರೋಮಿನಲ್ಲಿ 2015ರಲ್ಲಿಯೇ ಬಂದಿತು. ಐಫೋನಿನಲ್ಲಿ ಅದು ಬಂದದ್ದು 2023ರ ಮಾರ್ಚಿನಲ್ಲಿ. ಅದೂ ಆ ತಾಣವನ್ನು ಫೋನಿನ ಮುಖಪುಟಕ್ಕೆ ಸೇರಿಸಿಕೊಂಡವರಿಗೆ ಮಾತ್ರ. ಈ ಎಂಟು ವರ್ಷಗಳ ಕಾಲ, ಐಫೋನಿನ ಗಿರಾಕಿಗೆ ನಾಲ್ಕು ಅಕ್ಷರದ ಸೂಚನೆಯನ್ನು ಕಳುಹಿಸಬೇಕೆಂದಿದ್ದ ವರ್ತಕನು ಆಪ್ ಸ್ಟೋರಿನ ಬಾಗಿಲಿಗೇ ಹೋಗಿ, ಅಲ್ಲಿನ ಪರಿಶೀಲನೆಗೆ ಒಳಪಟ್ಟು, ಅಲ್ಲಿ ಡಿಜಿಟಲ್ ಸರಕು ಮಾರಿದರೆ ಅಲ್ಲಿನ ಸುಂಕವನ್ನೂ ತೆರಬೇಕಾಗಿತ್ತು. ಜಾಲತಾಣವು ಸುಂಕವಿಲ್ಲದ ಹೆದ್ದಾರಿ. ಆಪ್ ಸ್ಟೋರು ಸುಂಕದ ಕಟ್ಟೆಯುಳ್ಳ ದಾರಿ. ಹೆದ್ದಾರಿಯನ್ನು ದುರಸ್ತು ಮಾಡುವ ಅಧಿಕಾರವೂ ಸುಂಕದ ಕಟ್ಟೆಯ ಆದಾಯವೂ ಒಬ್ಬನ ಕೈಯಲ್ಲಿಯೇ ಇದ್ದರೆ, ಹೆದ್ದಾರಿಯಲ್ಲಿ ಗುಂಡಿಗಳು ಬಹುಕಾಲ ಉಳಿಯುವುದರಲ್ಲಿ ಆಶ್ಚರ್ಯವಿಲ್ಲ. ಅಂತರ್ಜಾಲವನ್ನು ಯಾರೂ ಕಪ್ಪಕಾಣಿಕೆಯಿಲ್ಲದೆ ಬಳಸಲೆಂದು ಜಿನೀವಾದ ಸೆರ್ನ್ ಸಂಸ್ಥೆಯು ಅದನ್ನು 1993ರ ಏಪ್ರಿಲ್ 30ರಂದು ಸಾರ್ವಜನಿಕರ ಸ್ವತ್ತಾಗಿ ಬಿಟ್ಟುಕೊಟ್ಟಿತ್ತೆಂಬುದನ್ನು ಇಲ್ಲಿ ನೆನೆಯಬೇಕಾಗಿದೆ.

ಪೈಪೋಟಿಯಿಲ್ಲದಿದ್ದರೆ ಒಡೆಯನಿಗೆ ನಿದ್ರೆ ಬರುವುದೆಂಬುದಕ್ಕೆ ಹಳೆಯ ನಿದರ್ಶನವೂ ಉಂಟು. ಮೈಕ್ರೋಸಾಫ್ಟ್ ಕಂಪೆನಿಯ ಇಂಟರ್ನೆಟ್ ಎಕ್ಸ್‌ಪ್ಲೋರರ್ ಆರನೆಯ ಆವೃತ್ತಿಯು 2001ರಲ್ಲಿ ಬಂದಿತು. ಎದುರಾಳಿಗಳು ಸೋತು ಮೂಲೆಗೆ ಬಿದ್ದಿದ್ದರಾಗಿ, ಏಳನೆಯದು ಬರಲು ಐದು ವರ್ಷಗಳು ಹಿಡಿದವು. ನಡುವೆ 2004ರಲ್ಲಿ ಫೈರ್‌ಫಾಕ್ಸು ಹುಟ್ಟಿ ಜನರ ಮನಸ್ಸನ್ನು ಗೆಲ್ಲತೊಡಗಿದ ಮೇಲೆಯೇ ಆ ಕಂಪೆನಿಯು ಕಣ್ಣು ತೆರೆಯಿತು. ಬ್ರೌಸರಿನ ವಿಷಯವಾಗಿ ಆ ಕಂಪೆನಿಯ ಮೇಲೆ ಅಮೆರಿಕಾ ಸರಕಾರವು 1998ರಲ್ಲಿ ಹೂಡಿದ ವ್ಯಾಜ್ಯವು ಲೋಕಪ್ರಸಿದ್ಧವಾದುದು. ಆದರೆ ಅಷ್ಟು ನಿಂದೆಗೆ ಗುರಿಯಾದ ಆ ಮೈಕ್ರೋಸಾಫ್ಟು ಸಹ, ತನ್ನ ವಿಂಡೋಸಿನಲ್ಲಿ ಅನ್ಯರ ಎಂಜಿನು ನಡೆಯಲೇಕೂಡದೆಂಬ ಕಟ್ಟಳೆಯನ್ನು ಹಾಕಿರಲಿಲ್ಲ. ಹಾಕಿದ್ದರೆ ಫೈರ್‌ಫಾಕ್ಸು ಹುಟ್ಟಿದ ದಿನವೇ ಕಣ್ಣು ಮುಚ್ಚುತ್ತಿತ್ತು.

ಆಪಲಿನವರ ಪಕ್ಷವನ್ನೂ ನ್ಯಾಯವಾಗಿ ಹೇಳಬೇಕಾದುದು ನಮ್ಮ ಕರ್ತವ್ಯ. ಬ್ರೌಸರಿನ ಎಂಜಿನು ಕಳ್ಳರು ನುಗ್ಗುವ ಮುಖ್ಯ ದ್ವಾರ. ಅದು ಆಜ್ಞೆಗಳನ್ನು ಸ್ಥಳದಲ್ಲಿಯೇ ಯಂತ್ರಭಾಷೆಗೆ ತಿರುಗಿಸಿ ನಡೆಯಿಸುವ ವಿಶೇಷಾಧಿಕಾರವನ್ನು ಬೇಡುತ್ತದೆ. ಅಂಥ ಅಧಿಕಾರವನ್ನು ಅನ್ಯರಿಗೆ ಕೊಟ್ಟರೆ ಫೋನಿನ ಭದ್ರತೆಯೂ ಗ್ರಾಹಕರ ಗೌಪ್ಯವೂ ಬ್ಯಾಟರಿಯ ಶಕ್ತಿಯೂ ಕೆಡುವವು. ಒಂದೇ ಎಂಜಿನಾದರೆ ದೋಷವನ್ನು ಒಮ್ಮೆಗೇ ಎಲ್ಲರಿಗೂ ತಿದ್ದಬಹುದು—ಇವು ಅವರ ವಾದಗಳು. ಇವುಗಳಲ್ಲಿ ಹುರುಳಿಲ್ಲವೆಂದು ನಾವು ಹೇಳುವುದಿಲ್ಲ. ಆದರೆ ಅದೇ ಕಂಪೆನಿಯ ಮ್ಯಾಕ್ ಯಂತ್ರಗಳಲ್ಲಿ ಗೆಕೋವೂ ಬ್ಲಿಂಕೂ ವರ್ಷಗಟ್ಟಲೆ ನಡೆಯುತ್ತ ಬಂದಿವೆ; ಅದರಿಂದ ಆಕಾಶವೇನೂ ಕಳಚಿಬಿದ್ದಿಲ್ಲ. ಭದ್ರತೆಗೆ ಬೇಕಾದ ಪರೀಕ್ಷೆಯನ್ನು ಎಷ್ಟು ಕಠಿನವಾಗಿಯಾದರೂ ಮಾಡಲಿ, ಅದರಲ್ಲಿ ಗೆದ್ದವರನ್ನು ಒಳಗೆ ಬಿಡಲಿ. ಅದು ಬಿಟ್ಟು, ಪರೀಕ್ಷೆಯನ್ನೇ ನಡೆಸದೆ ಲೋಕದವರನ್ನೆಲ್ಲ ಹೊರಗಿಡುವುದು, ನೆಗಡಿ ಬಂದೀತೆಂದು ಮೂಗು ಕೊಯ್ದುಕೊಂಡಂತೆ.

ಇದಕ್ಕಿಂತ ಬಲವಾದ ಇನ್ನೊಂದು ಆಕ್ಷೇಪಣೆಯುಂಟು. ಅದನ್ನು ಎತ್ತುವವರಲ್ಲಿ ಆಪಲಿನ ಮಿತ್ರರಲ್ಲದವರೂ ಇರುವರು. ಲೋಕದ ಬ್ರೌಸರ್ ಬಳಕೆಯಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಕ್ರೋಮಿನದು. ಐಫೋನಿನ ಬೇಲಿಯೊಂದನ್ನು ಕಿತ್ತರೆ ಗೂಗಲಿನ ಎಂಜಿನು ಅಲ್ಲಿಯೂ ನುಗ್ಗಿ, ಅಂತರ್ಜಾಲವೆಲ್ಲ ಒಬ್ಬನ ಪಾಲಾಗುವುದು. ಆದುದರಿಂದ ಒಂದು ಏಕಸ್ವಾಮ್ಯವೇ ಇನ್ನೊಂದಕ್ಕೆ ಅಡ್ಡಗಟ್ಟೆಯಾಗಿರಲಿ ಎಂಬುದು ಅವರ ಭಾವ. ಭಯವು ನಿಜವಾದುದು. ಆದರೆ ಈ ಇಬ್ಬರು ಒಡೆಯರು ನಿಜವಾಗಿಯೂ ಎದುರಾಳಿಗಳೇ ಎಂಬುದನ್ನು ವಿಚಾರಿಸಬೇಕು. ಸಫಾರಿಯಲ್ಲಿ ಹುಡುಕುವವರನ್ನು ತನ್ನ ಕಡೆಗೇ ಕಳುಹಿಸುವುದಕ್ಕಾಗಿ ಗೂಗಲ್ ಕಂಪೆನಿಯು 2022ನೆಯ ಒಂದು ವರ್ಷದಲ್ಲಿಯೇ ಆಪಲಿಗೆ ಎರಡು ಸಾವಿರ ಕೋಟಿ ಡಾಲರುಗಳನ್ನು ಕೊಟ್ಟಿತೆಂಬುದು ಅಮೆರಿಕಾದ ನ್ಯಾಯಾಲಯದ ಕಾಗದಪತ್ರಗಳಿಂದ ಹೊರಬಿದ್ದಿದೆ. ಐಫೋನಿನಲ್ಲಿರುವ ಕ್ರೋಮಿನ ಹುಡುಕಾಟದ ಆದಾಯದಲ್ಲಿಯೂ ಆಪಲಿಗೆ ಪಾಲು ಸಲ್ಲುತ್ತದೆಂದೂ, ಇದರಿಂದ ಇಬ್ಬರಿಗೂ ಪೈಪೋಟಿಯ ಆಸೆಯೇ ಕುಗ್ಗುತ್ತದೆಂದೂ ಬ್ರಿಟನ್ನಿನ ಸ್ಪರ್ಧಾ ಪ್ರಾಧಿಕಾರದ ತನಿಖೆಯು ಕಂಡುಕೊಂಡಿತು. ಕಾವಲುಗಾರನೂ ಕಳ್ಳನೂ ಒಂದೇ ಥೈಲಿಯಿಂದ ಉಣ್ಣುವಾಗ ಕಾವಲಿನ ಮಾತೇಕೆ? ಗೂಗಲಿನ ಪ್ರಾಬಲ್ಯಕ್ಕೆ ಮದ್ದು ಬೇಕಾದರೆ ಗೂಗಲನ್ನೇ ಕಾಯಿದೆಗೆ ಒಳಪಡಿಸಬೇಕು. ಮೊಜಿಲ್ಲಾದಂಥ ಸಣ್ಣ ಸಂಸ್ಥೆಯ ಕಾಲಿಗೂ ಸಂಕೋಲೆ ಹಾಕಿ ದೊಡ್ಡವನನ್ನು ತಡೆದೆವೆಂದುಕೊಳ್ಳುವುದು ವಿವೇಕವಲ್ಲ.

ಪರದೇಶಗಳ ಸರಕಾರಗಳು ಈ ವಿಷಯದಲ್ಲಿ ಸುಮ್ಮನೆ ಕುಳಿತಿಲ್ಲ. ಯುರೋಪಿನ ಒಕ್ಕೂಟವು 2022ರಲ್ಲಿ ಮಾಡಿದ ಡಿಜಿಟಲ್ ಮಾರುಕಟ್ಟೆಗಳ ಕಾಯಿದೆಯ ಐದನೆಯ ವಿಧಿಯಲ್ಲಿ, ಬ್ರೌಸರಿನ ಎಂಜಿನನ್ನು ಹೆಸರಿಸಿಯೇ, ಅದನ್ನು ಅನ್ಯರ ಮೇಲೆ ಹೇರಕೂಡದೆಂದು ವಿಧಿಸಿತು. ಅದರಂತೆ 2024ರ ಮಾರ್ಚಿನಲ್ಲಿ ಆಪಲ್ ಕಂಪೆನಿಯು ಆ ಒಕ್ಕೂಟದ ಎಲ್ಲೆಯೊಳಗೆ ಮಾತ್ರ ಅನ್ಯ ಎಂಜಿನುಗಳಿಗೆ ಬಾಗಿಲು ತೆರೆಯಿತು. ತೆರೆದ ಬಗೆಯನ್ನು ಮಾತ್ರ ಲಕ್ಷ್ಯವಿಟ್ಟು ನೋಡಬೇಕು. ಬಾಗಿಲು ತೆರೆಯುವ ಮುನ್ನ, ಫೆಬ್ರವರಿಯಲ್ಲಿ, ಮುಖಪುಟಕ್ಕೆ ಸೇರಿಸಿಕೊಂಡ ಜಾಲತಾಣಗಳ ಅನುಕೂಲವನ್ನೇ ಯುರೋಪಿನವರಿಂದ ಕಿತ್ತುಕೊಳ್ಳುವುದಾಗಿ ಕಂಪೆನಿಯು ಹೇಳಿತು. ಕೂಗು ಎದ್ದ ಮೇಲೆ ಮಾರ್ಚ್ 1ರಂದು ಆ ಮಾತನ್ನು ಹಿಂದಕ್ಕೆ ತೆಗೆದುಕೊಂಡಿತು. ಅನ್ಯ ಎಂಜಿನಿಗೆ ಅದು ವಿಧಿಸಿದ ನಿಬಂಧನೆಗಳಲ್ಲಿ, ಗೊತ್ತಾದ ಪರೀಕ್ಷಾಮಾಲೆಗಳಲ್ಲಿ ಒಂದರಲ್ಲಿ ನೂರಕ್ಕೆ 90, ಇನ್ನೊಂದರಲ್ಲಿ ನೂರಕ್ಕೆ 80ರಷ್ಟು ಉತ್ತೀರ್ಣವಾಗಬೇಕೆಂಬುದು ತಕ್ಕದ್ದೇ. ಆದರೆ ಹೊಸ ಎಂಜಿನಿನ ಬ್ರೌಸರು ಹಳೆಯದರಿಂದ ಬೇರೆಯಾದ ಹೊಸ ಕಾರ್ಯಕ್ರಮವಾಗಿರತಕ್ಕದ್ದೆಂದೂ, ಅದು ಯುರೋಪಿನ ಹೊರಗೆ ನಡೆಯಕೂಡದೆಂದೂ ಕಟ್ಟುಮಾಡಲಾಯಿತು. ಎಂದರೆ, ವರ್ಷಗಟ್ಟಲೆ ಕೂಡಿಸಿದ ಗಿರಾಕಿಗಳನ್ನು ಹಳೆಯ ಅಂಗಡಿಯಲ್ಲಿ ಬಿಟ್ಟು, ಬರಿಗೈಯಲ್ಲಿ ಹೊಸ ಅಂಗಡಿ ಇಟ್ಟು, ಎರಡನ್ನೂ ನಡೆಸಬೇಕು. ಮೊಜಿಲ್ಲಾದವರು ತಮ್ಮ ನಿರಾಶೆಯನ್ನು ಬಹಿರಂಗವಾಗಿ ತಿಳಿಸಿದರು. ಬಾಗಿಲು ತೆರೆದು ಒಂದು ವರ್ಷ ಕಳೆದರೂ ಸ್ವಂತ ಎಂಜಿನಿನೊಡನೆ ಯಾವ ಪ್ರಸಿದ್ಧ ಬ್ರೌಸರೂ ಒಳಗೆ ಬರಲಿಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡನೆಂಬ ಗಾದೆಗೆ ಇದಕ್ಕಿಂತ ಒಳ್ಳೆಯ ದೃಷ್ಟಾಂತವು ಸಿಕ್ಕಲಾರದು.

ಬ್ರಿಟನ್ನಿನಲ್ಲಿ ಸ್ಪರ್ಧಾ ಪ್ರಾಧಿಕಾರವು 2022ರ ನವೆಂಬರಿನಲ್ಲಿ ಆರಂಭಿಸಿದ ತನಿಖೆಯನ್ನು ಆಪಲ್ ಕಂಪೆನಿಯು ಅಪೀಲಿಗೆ ಒಯ್ದು, ಮೊದಲು ಗೆದ್ದು, ಅನಂತರ 2023ರ ನವೆಂಬರಿನಲ್ಲಿ ಮೇಲಿನ ನ್ಯಾಯಾಲಯದಲ್ಲಿ ಸೋತಿತು. 2025ರ ಮಾರ್ಚಿನಲ್ಲಿ ಹೊರಬಿದ್ದ ಅಂತಿಮ ನಿರ್ಣಯವು, ವೆಬ್‌ಕಿಟ್ಟಿನ ಕಟ್ಟಳೆಯು ಪೈಪೋಟಿಗೂ ಹೊಸ ಶೋಧನೆಗೂ ಅಡ್ಡಿಯೆಂದು ಹೇಳಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಆಪಲ್ ಮತ್ತು ಗೂಗಲ್ ಎರಡನ್ನೂ ವಿಶೇಷ ಅಂಕೆಗೆ ಒಳಪಡುವ ಕಂಪೆನಿಗಳೆಂದು ಸಾರಲಾಯಿತು. ಜಪಾನಿನ ಶಾಸನಸಭೆಯು 2024ರ ಜೂನಿನಲ್ಲಿ ಒಪ್ಪಿದ ಕಾಯಿದೆಯು 2025ರ ಡಿಸೆಂಬರ್ 18ರಿಂದ ಪೂರ್ಣವಾಗಿ ಜಾರಿಗೆ ಬಂದಿತು. ಎಂಜಿನಿನ ನಿರ್ಬಂಧವನ್ನು ಅದೂ ನಿಷೇಧಿಸುತ್ತದೆ. ಅಮೆರಿಕಾ ಸರಕಾರವು 2024ರ ಮಾರ್ಚಿನಲ್ಲಿ ಆಪಲಿನ ಮೇಲೆ ಹೂಡಿದ ಏಕಸ್ವಾಮ್ಯದ ವ್ಯಾಜ್ಯದ ಫಿರ್ಯಾದಿನಲ್ಲಿಯೂ ವೆಬ್‌ಕಿಟ್ಟಿನ ಪ್ರಸ್ತಾಪವುಂಟು.

ಇನ್ನು ನಮ್ಮ ದೇಶದ ಮಾತು. ನಮ್ಮಲ್ಲಿ ಬಹುಜನರ ಕೈಯಲ್ಲಿರುವುದು ಆಂಡ್ರಾಯ್ಡ್ ಫೋನು; ಐಫೋನು ಕೆಲವೇ ಸಿರಿವಂತರ ಸೊತ್ತು; ಅವರ ಗೊಡವೆ ನಮಗೇಕೆ ಎಂದು ಹೇಳುವವರುಂಟು. ಇದು ಮೇಲುನೋಟದ ಮಾತು. ಜಾಲತಾಣವನ್ನು ಕಟ್ಟುವವನು ಎಲ್ಲ ಫೋನುಗಳಲ್ಲಿಯೂ ನಡೆಯತಕ್ಕುದನ್ನೇ ಕಟ್ಟಬೇಕಾಗುತ್ತದೆ. ಐಫೋನಿನಲ್ಲಿ ನಡೆಯದ ಅನುಕೂಲವನ್ನು ಅವನು ಅನೇಕ ವೇಳೆ ಯಾರಿಗೂ ಕೊಡದೆ ಬಿಡುತ್ತಾನೆ. ಹೀಗೆ ಒಂದು ಮನೆಯ ಬೀಗವು ಇಡೀ ಬೀದಿಯನ್ನು ಕಟ್ಟುತ್ತದೆ. ಕನ್ನಡದ ವಿಷಯವನ್ನೇ ತೆಗೆದುಕೊಳ್ಳಿರಿ. ಒತ್ತಕ್ಷರ, ದೀರ್ಘ, ಅರ್ಕಾವತ್ತುಗಳನ್ನು ಪುಟದ ಮೇಲೆ ಸರಿಯಾಗಿ ಕೂರಿಸುವ ಹೊಣೆಯು ಎಂಜಿನಿನದು. ಅದರಲ್ಲಿ ಏನಾದರೂ ತಪ್ಪಿದ್ದರೆ, ಬೇರೆ ಕಡೆಯಲ್ಲಾದರೆ ಇನ್ನೊಂದು ಎಂಜಿನಿಗೆ ಹೋಗಬಹುದು. ಐಫೋನಿನಲ್ಲಿ ದೂರದ ಕ್ಯಾಲಿಫೋರ್ನಿಯಾದ ಕಚೇರಿಯು ಮನಸ್ಸು ಮಾಡುವವರೆಗೆ ಕನ್ನಡವು ಕಾಯಬೇಕು. ಅಲ್ಪಸಂಖ್ಯಾತ ಗಿರಾಕಿಗಳ ಭಾಷೆಯ ಸರದಿಯು ಎಂದು ಬರುವುದೆಂಬುದನ್ನು ಬಲ್ಲವರು ಬಲ್ಲರು.

ಇದರಲ್ಲಿ ಮನಸ್ಸನ್ನು ನೋಯಿಸುವ ಇನ್ನೊಂದು ಅಂಶವಿದೆ. ಆ ಐಫೋನುಗಳು ಈಗ ನಮ್ಮ ನಾಡಿನಲ್ಲಿಯೇ ತಯಾರಾಗುತ್ತಿವೆ. ಕೋಲಾರ ಜಿಲ್ಲೆಯ ನರಸಾಪುರದ ಕಾರಖಾನೆಯನ್ನು 2023ರಲ್ಲಿ ಟಾಟಾದವರು ವಿಸ್ಟ್ರಾನ್ ಕಂಪೆನಿಯಿಂದ ಕೊಂಡರು. ದೇವನಹಳ್ಳಿಯ ಬಳಿ ಫಾಕ್ಸ್‌ಕಾನಿನವರ ದೊಡ್ಡ ಕಾರಖಾನೆ ಎದ್ದಿದೆ. ನಮ್ಮ ಹಳ್ಳಿಗಳ ಮಕ್ಕಳ ಕೈಗಳು ಜೋಡಿಸಿದ ಫೋನು ಹಡಗು ಹತ್ತಿ ಯುರೋಪನ್ನು ಸೇರಿದರೆ, ಅಲ್ಲಿ ಕೊಂಡವನಿಗೆ ಅನ್ಯ ಎಂಜಿನನ್ನು ಬೇಡುವ ಕಾಯಿದೆಬದ್ಧವಾದ ಹಕ್ಕುಂಟು. ಅದೇ ಫೋನನ್ನು ಕೋಲಾರದ ಪೇಟೆಯಲ್ಲಿ ಕೊಂಡವನಿಗೆ ಆ ಹಕ್ಕಿಲ್ಲ. ವಸ್ತುವು ಒಂದೇ, ದುಡಿಮೆ ನಮ್ಮದೇ, ಹಕ್ಕು ಮಾತ್ರ ಪರರಿಗೆ. ಈ ಭೇದಕ್ಕೆ ಕಾರಣವು ಯಂತ್ರದಲ್ಲಿಲ್ಲ. ಅವರು ಕಾಯಿದೆ ಮಾಡಿಕೊಂಡರು, ನಾವು ಮಾಡಿಕೊಂಡಿಲ್ಲ.

ನಮ್ಮವರಿಗೆ ಇಂಥ ಕೆಲಸ ಬಾರದೆಂದಲ್ಲ. ಭಾರತದ ಸ್ಪರ್ಧಾ ಆಯೋಗವು 2022ರ ಅಕ್ಟೋಬರಿನಲ್ಲಿ ಆಂಡ್ರಾಯ್ಡಿನ ವಿಷಯವಾಗಿ ಗೂಗಲಿಗೆ 1,337.76 ಕೋಟಿ ರೂಪಾಯಿಗಳ ದಂಡ ವಿಧಿಸಿತು. ಕ್ರೋಮಿನ ಸ್ಥಾನವನ್ನು ಕಾಯುವುದಕ್ಕೆ ಆ ಕಂಪೆನಿಯು ತನ್ನ ಪ್ರಾಬಲ್ಯವನ್ನು ಬಳಸಿದುದೂ ಆ ಆಜ್ಞೆಯಲ್ಲಿ ಸೇರಿತ್ತು. ಮೇಲ್ಮನವಿಯ ನ್ಯಾಯಮಂಡಲಿಯು 2023ರ ಮಾರ್ಚಿನಲ್ಲಿ ದಂಡವನ್ನು ಎತ್ತಿಹಿಡಿಯಿತು. ಆಪ್ ಸ್ಟೋರಿನ ನಿಯಮಗಳ ಬಗ್ಗೆ ಆಪಲಿನ ಮೇಲೂ 2021ರ ಡಿಸೆಂಬರಿನಲ್ಲಿ ತನಿಖೆಗೆ ಆಜ್ಞೆಯಾಯಿತು. ಆದರೆ ಅಪರಾಧ ನಡೆದ ಮೇಲೆ ವರ್ಷಗಟ್ಟಲೆ ವಿಚಾರಣೆ ನಡೆಸುವ ಹಳೆಯ ಕ್ರಮವು ಈ ವ್ಯಾಪಾರದ ವೇಗಕ್ಕೆ ಸಾಲದೆಂದು ಸಂಸತ್ತಿನ ಹಣಕಾಸಿನ ಸ್ಥಾಯೀ ಸಮಿತಿಯು 2022ರ ಡಿಸೆಂಬರಿನಲ್ಲಿಯೇ ಸೂಚಿಸಿತು. ಅದರ ಫಲವಾಗಿ ಡಿಜಿಟಲ್ ಸ್ಪರ್ಧಾ ಮಸೂದೆಯ ಕರಡು 2024ರ ಮಾರ್ಚಿನಲ್ಲಿ ಪ್ರಕಟವಾಯಿತು. ಅಂಕೆಗೆ ಒಳಪಡಬೇಕಾದ ಸೇವೆಗಳ ಯಾದಿಯಲ್ಲಿ ಬ್ರೌಸರುಗಳ ಹೆಸರೂ ಇತ್ತು. 2025ನೆಯ ವರ್ಷವು ಮುಗಿಯುವವರೆಗೂ ಅದು ಕಾಯಿದೆಯಾಗಲಿಲ್ಲ.

ಸರಕಾರಕ್ಕೆ ನಮ್ಮ ಸೂಚನೆಗಳು ಮೂರು. ಮೊದಲನೆಯದಾಗಿ, ಮಸೂದೆಯನ್ನು ಕಪಾಟಿನಿಂದ ತೆಗೆದು, ನಮ್ಮ ಸಣ್ಣ ಉದ್ಯಮಿಗಳಿಗೆ ಭಾರವಾಗದಂತೆ ತಿದ್ದಿ, ಸಂಸತ್ತಿನ ಮುಂದೆ ಇಡತಕ್ಕದ್ದು. ಎರಡನೆಯದಾಗಿ, ಬ್ರೌಸರೆಂದು ಬರೆದು ನಿಲ್ಲಿಸದೆ ಎಂಜಿನೆಂಬ ಮಾತನ್ನು ಸ್ಪಷ್ಟವಾಗಿ ಬರೆಯತಕ್ಕದ್ದು; ಹಲಗೆಯನ್ನು ಬಿಟ್ಟುಕೊಟ್ಟು ಯಂತ್ರವನ್ನು ಉಳಿಸಿಕೊಳ್ಳುವ ಜಾಣತನಕ್ಕೆ ಎಡೆ ಇರಬಾರದು. ಮೂರನೆಯದಾಗಿ, ಯುರೋಪಿನ ಅನುಭವದಿಂದ ಪಾಠ ಕಲಿತು, ಅನುಮತಿಯೆಂಬುದು ಕಾಗದದ ಮೇಲೆ ಉಳಿಯದಂತೆ, ಗಿರಾಕಿಗಳನ್ನು ಕಳೆದುಕೊಳ್ಳದೆಯೇ ಬ್ರೌಸರಿನವನು ತನ್ನ ಎಂಜಿನನ್ನು ಬದಲಿಸಿಕೊಳ್ಳುವ ಹಕ್ಕನ್ನು ಕಾಯಿದೆಯಲ್ಲಿಯೇ ಸೇರಿಸತಕ್ಕದ್ದು. ಭದ್ರತೆಯ ಪರೀಕ್ಷೆಗಳು ಇರಲಿ; ಆದರೆ ಅವು ಆಪಲಿನ ಎಂಜಿನಿಗೂ ಅನ್ಯರದಕ್ಕೂ ಸಮವಾಗಿರಲಿ.

ವೆಬ್‌ಕಿಟ್ಟು ಕೆಟ್ಟ ಎಂಜಿನೆಂದು ನಮ್ಮ ಅಭಿಪ್ರಾಯವಲ್ಲ. ಅದು ಒಳ್ಳೆಯದಾಗಿದ್ದರೆ ಪೈಪೋಟಿಯ ಅಂಗಳದಲ್ಲಿಯೂ ಜನರು ಅದನ್ನೇ ಹಿಡಿಯುವರು. ಹಾಗೆ ಹಿಡಿದರೆ ನಮಗೆ ಯಾವ ಆಕ್ಷೇಪಣೆಯೂ ಇಲ್ಲ. ಫೋನಿಗೆ ಹಣ ಕೊಟ್ಟವನು ಅದರ ಒಡೆಯನೋ ಒಕ್ಕಲೋ ಎಂಬುದು ತೀರ್ಮಾನವಾಗಬೇಕಾದ ಪ್ರಶ್ನೆ. ಯುರೋಪಿನವರೂ ಜಪಾನಿನವರೂ ತಮ್ಮ ಪ್ರಜೆಗಳ ಪರವಾಗಿ ಅದಕ್ಕೆ ಉತ್ತರ ಬರೆದಿರುವರು. ಫೋನನ್ನು ತಯಾರಿಸುವ ನಾಡಿನವರು ಆ ಉತ್ತರವನ್ನು ಪರರಿಂದ ಎರವಲು ತರುವವರೆಗೆ ಕಾಯಬಾರದೆಂದು ನಾವು ದೆಹಲಿಯ ಅಧಿಕಾರಿಗಳಿಗೂ, ಅವರನ್ನು ಕೇಳಬೇಕಾದ ನಮ್ಮ ಪ್ರತಿನಿಧಿಗಳಿಗೂ ಅರಿಕೆ ಮಾಡುವೆವು.